ಅಳದ ಕೂಸಿಗೂ ಹಾಲು ಬೇಕು: ತುಸು ಮುಂಚಿತವಾಗಿ ಜನಿಸಿದ ಶಿಶುಗಳ ಪೋಷಣೆ ಮತ್ತು ಬೆಳವಣಿಗೆ

(ನವಜಾತ ಶಿಶು ಆರೈಕೆ ಸಪ್ತಾಹದ ಅಂಗವಾಗಿ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಪ್ರತಿನಿಧಿಗಳು ಮತ್ತು ಕ್ಷೇತ್ರ ಕಾರ್ಯಕರ್ತೆಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ನವೆಂಬರ್ 15ರಿಂದ 21ರವರೆಗೆ ದೇಶದಾದ್ಯಂತ ನವಜಾತ ಶಿಶು ಆರೈಕೆ ಸಪ್ತಾಹವನ್ನು ಆಚರಿಸಲಾಗುತ್ತದೆ. ಅದರ ನಡುವೆ ಬರುವ ನವೆಂಬರ್ 17ನ್ನು ವಿಶ್ವ ಅವಧಿಪೂರ್ವ ಜನನ ದಿನವೆಂದು ಜಗತ್ತು ಗುರುತಿಸಿದೆ. ನಮ್ಮ ಭಾಗದಲ್ಲಿ ಇದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿರುತ್ತವೆ. ಹೊಲಗಳಲ್ಲಿ ಕಟಾವಿನ ಗ್ಯಾಂಗುಗಳ ಗುಡಿಸಲುಗಳು ಏಳುತ್ತವೆ. ಬೆಳಗಿನ ಚಳಿ ಬಿಗಿಯಾಗುತ್ತದೆ. ಇಂದಿನ ವಿಷಯಕ್ಕೂ ಈ ಋತುವಿಗೂ ಇರುವ ಸಂಬಂಧವನ್ನು ಮುಂದೆ ನಿವೇದಿಸುತ್ತೇನೆ.

ತೀರ ಮುಂಚಿತವಾಗಿ ಜನಿಸಿ, ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇರಬೇಕಾದ ಶಿಶುಗಳ ಕುರಿತು ನಾನು ಇಂದು ಮಾತನಾಡುವುದಿಲ್ಲ. ಅಂತಹ ಶಿಶುವಿನ ಅಪಾಯ ಎಲ್ಲರ ಕಣ್ಣಿಗೂ ಕಾಣುತ್ತದೆ; ಆಸ್ಪತ್ರೆ ಅದನ್ನು ಬಿಟ್ಟುಕೊಡುವುದಿಲ್ಲ. ನನ್ನ ವಿಷಯ, ಮೂರು, ನಾಲ್ಕು ಅಥವಾ ಐದು ವಾರ ಮುಂಚಿತವಾಗಿ ಹುಟ್ಟಿ, ನೋಡಲು ತುಂಬುದಿನದ ಕೂಸಿನಂತೆಯೇ ಇದ್ದು, ಎರಡು ಮೂರು ದಿನಗಳಲ್ಲಿ ಮನೆಗೆ ಬಂದುಬಿಡುವ ಶಿಶುಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದಲ್ಲಿಯೇ. ಈ ರಾಶಿಯಲ್ಲಿ ಬಹುಪಾಲು ಶಿಶುಗಳು ತೀರ ಮುಂಚಿನವಲ್ಲ, ತುಸು ಮುಂಚಿನವೇ ಆಗಿವೆ.

ಮೊದಲು ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳೋಣ. ಆಸ್ಪತ್ರೆ ಗರ್ಭದ ಅವಧಿಯನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳಲ್ಲಿ ಎಣಿಸುತ್ತದೆ. ನಮ್ಮ ಮನೆಗಳು ತಿಂಗಳುಗಳಲ್ಲಿ ಎಣಿಸುತ್ತವೆ. ತುಂಬು ಅವಧಿ 40 ವಾರ, ಅಂದರೆ 280 ದಿನ. 37 ವಾರ ತುಂಬುವ ಮೊದಲೇ ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 34 ವಾರ ತುಂಬಿದ ದಿನದಿಂದ 37 ವಾರ ತುಂಬುವ ಹಿಂದಿನ ದಿನದವರೆಗೆ ಜನಿಸಿದ್ದು ತುಸು ಮುಂಚಿನ ಶಿಶು. 34 ವಾರವೆಂದರೆ 238 ದಿನ, ಎಂಟು ತಿಂಗಳಿಗೆ ಐದಾರು ದಿನ ಕಡಿಮೆ. 37 ವಾರವೆಂದರೆ 259 ದಿನ, ಎಂಟೂವರೆ ತಿಂಗಳು. ಹೀಗಾಗಿ ಆಸ್ಪತ್ರೆಯ ಕಾಗದದಲ್ಲಿ ‘35 ವಾರ’ ಎಂದು ಬರೆದಿರುವ ಶಿಶುವೇ ನಮ್ಮ ಊರಿನ ಮಾತಿನಲ್ಲಿ ‘ಎಂಟು ತಿಂಗಳ ಕೂಸು’.

ಈ ಹೆಸರು ಬಂದೊಡನೆ ಸಭೆಯಲ್ಲಿರುವ ಹಿರಿಯ ತಾಯಂದಿರಿಗೆ ಒಂದು ಹಳೆಯ ಮಾತು ನೆನಪಾಗಿರಬೇಕು: ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು. ಈ ನಂಬಿಕೆ ನಮ್ಮದೊಂದೇ ಅಲ್ಲ. ಗ್ರೀಕ್ ವೈದ್ಯ ಹಿಪೊಕ್ರಟೀಸನ ಹೆಸರಿನಲ್ಲಿರುವ ಪ್ರಾಚೀನ ವೈದ್ಯಗ್ರಂಥಗಳ ಸಮುಚ್ಚಯದಲ್ಲಿ ಎಂಟನೆಯ ತಿಂಗಳ ಶಿಶುವಿನ ಕುರಿತೇ ಒಂದು ಬರಹವಿದ್ದು, ಅದೂ ಇದನ್ನೇ ಹೇಳುತ್ತದೆ. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ಮಾತು ಸುಳ್ಳು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಶಿಶುವಿಗೆ ಬಲವನ್ನೇ ಕೊಡುತ್ತದೆ. ಎಂಟು ತಿಂಗಳ ಶಿಶು ಏಳು ತಿಂಗಳದ್ದಕ್ಕಿಂತ ಬಲಿತದ್ದು, ಒಂಬತ್ತು ತಿಂಗಳದ್ದಕ್ಕಿಂತ ಎಳೆಯದು, ಅಷ್ಟೇ. ಆದರೆ ಈ ನಂಬಿಕೆಯಿಂದ ಎರಡು ಬಗೆಯ ಕೇಡು ಸಂಭವಿಸುತ್ತದೆ. ನಂಬಿದ ಮನೆಯವರು ಕೂಸಿನ ಆಸೆಯನ್ನು ಅರ್ಧ ಬಿಟ್ಟಿರುತ್ತಾರೆ. ನಂಬದ ಮನೆಯವರು, ಅಂದರೆ ಓದಿದ ಮನೆಯವರು, ಕೂಸು ಎರಡೂಕಾಲು ಕಿಲೋ ತೂಗಿ ಕೈಕಾಲು ಆಡಿಸುವುದನ್ನು ಕಂಡು ಇದಕ್ಕೇನೂ ಕೊರತೆಯಿಲ್ಲವೆಂದು ತಿಳಿಯುತ್ತಾರೆ. ಎರಡನೆಯ ತಪ್ಪು ಇಂದು ಹೆಚ್ಚು ಸಾಮಾನ್ಯವೆಂದು ನನ್ನ ಅಭಿಪ್ರಾಯ.

ಕೊರತೆ ಯಾವುದು? ಗರ್ಭದ ಕೊನೆಯ ಐದಾರು ವಾರಗಳಲ್ಲಿ ಶಿಶುವಿನ ತೂಕ ವಾರಕ್ಕೆ ಸುಮಾರು 200 ಗ್ರಾಂನಷ್ಟು ಏರುತ್ತದೆ. ಚರ್ಮದ ಕೆಳಗಿನ ಕೊಬ್ಬು ಆಗಲೇ ತುಂಬುವುದು. ಅದೇ ಶಿಶುವಿನ ಕಂಬಳಿ, ಅದೇ ಅದರ ಬುತ್ತಿ. ತಾಯಿಯಿಂದ ಕಬ್ಬಿಣಾಂಶವು ಶಿಶುವಿನ ದೇಹಕ್ಕೆ ಬಹುಮಟ್ಟಿಗೆ ಇಳಿಯುವುದೂ ಆ ದಿನಗಳಲ್ಲಿಯೇ. 34ನೆಯ ವಾರದಲ್ಲಿ ಮೆದುಳಿನ ತೂಕ ತುಂಬುದಿನದ ಶಿಶುವಿನ ಮೆದುಳಿನ ಮೂರನೇ ಎರಡು ಭಾಗದಷ್ಟು ಮಾತ್ರ ಇರುತ್ತದೆ. ಈ ಎಳೆತನದ ಮೊದಲ ಪರಿಣಾಮ ಕಾಣುವುದು ಹಾಲು ಕುಡಿಯುವುದರಲ್ಲಿ. ಹೀರುವುದು, ನುಂಗುವುದು, ಉಸಿರಾಡುವುದು ಎಂಬ ಮೂರು ಕ್ರಿಯೆಗಳು ಒಂದರ ಹಿಂದೆ ಒಂದು ಲಯತಪ್ಪದೆ ನಡೆದಾಗಲೇ ಕೂಸು ಎದೆಹಾಲು ಕುಡಿಯಬಲ್ಲದು. ಈ ಹೊಂದಾಣಿಕೆ 34ನೆಯ ವಾರದ ಆಸುಪಾಸಿನಲ್ಲಿ ಮೂಡಲಾರಂಭಿಸಿ ಮುಂದಿನ ವಾರಗಳಲ್ಲಿ ಬಲಿಯುತ್ತದೆ. ತುಸು ಮುಂಚಿನ ಕೂಸಿಗೆ ಈ ವಿದ್ಯೆ ಅರ್ಧ ಬಂದಿರುತ್ತದೆ. ನಾಲ್ಕು ಸಲ ಹೀರಿ ದಣಿಯುತ್ತದೆ. ದಣಿದು ನಿದ್ರಿಸುತ್ತದೆ. ಹಸಿವಾದರೂ ಎಚ್ಚರಗೊಂಡು ಅಳುವಷ್ಟು ತ್ರಾಣ ಅದಕ್ಕಿರುವುದಿಲ್ಲ.

ಅತ್ತರೆ ತಾಯಿ ಹಾಲು ಕೊಡುವಳು ಎಂಬ ಮಾತು ನಮ್ಮಲ್ಲಿದೆ. ತುಂಬುದಿನದ ಕೂಸಿಗೆ ಅದು ಸರಿಯಾದ ಮಾತು. ಈ ಕೂಸಿನ ಪಾಲಿಗೆ ಅದೇ ಮುಳುವು. ಬಾಣಂತಿಯ ಕೋಣೆಯಲ್ಲಿ ಅಜ್ಜಿಯೊಬ್ಬಳು ಸಂತೋಷದಿಂದ, ‘ಭಾಳ ಶಾಣ್ಯಾ ಕೂಸೈತ್ರಿ, ಅಳೂದ ಇಲ್ಲ, ನಾಕ ತಾಸ ಮಲಗೇತಿ’ ಎಂದು ಹೇಳಿದರೆ, ಕೂಸು ತುಸು ಮುಂಚಿನದಾಗಿದ್ದಲ್ಲಿ ಆ ಮಾತನ್ನು ಆಶಾ ಕಾರ್ಯಕರ್ತೆ ಅಪಾಯದ ಸೂಚನೆಯೆಂದೇ ಕೇಳಿಸಿಕೊಳ್ಳಬೇಕು. ‘ಯವ್ವಾ, ಎಬ್ಬಿಸಿ ಕುಡಿಸ್ರಿ’ ಎಂದು ಅಲ್ಲೇ ಹೇಳಿ, ಅಲ್ಲೇ ಕುಳಿತು ಒಂದು ಸಲ ಕುಡಿಸಿ ನೋಡಬೇಕು.

ಕೂಸು ಕುಡಿಯದಿದ್ದರೆ ಕೆಡುಕು ಕೂಸಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ತಾಯಿಯ ಎದೆಯಲ್ಲಿ ಹಾಲು ಹುಟ್ಟುವುದು ಹಾಲು ಹೊರಬಂದಷ್ಟಕ್ಕೆ ಅನುಗುಣವಾಗಿ. ಸೇದುತ್ತಿರುವ ಬಾವಿಯಲ್ಲಿ ನೀರು ಒಸರುವಂತೆ ಅದು. ಸೇದದಿದ್ದರೆ ಸೆಲೆ ಕಟ್ಟುತ್ತದೆ. ದುರ್ಬಲವಾಗಿ ಹೀರುವ ಕೂಸಿನಿಂದ ಮೂರು ನಾಲ್ಕು ದಿನಗಳಲ್ಲಿ ಹಾಲು ಕಡಿಮೆಯಾಗುತ್ತದೆ; ಐದನೆಯ ದಿನ ಮನೆಯವರು ‘ತಾಯಿಗೆ ಹಾಲೇ ಇಲ್ಲ’ ಎಂದು ತೀರ್ಮಾನಿಸುತ್ತಾರೆ; ಆರನೆಯ ದಿನ ಪೇಟೆಯಿಂದ ಪುಡಿಯ ಡಬ್ಬಿ, ಅದರ ಜೊತೆಗೆ ಬಾಟಲಿ ಬರುತ್ತದೆ. ಬಾಟಲಿಯಿಂದ ಸುಲಭವಾಗಿ ಹರಿಯುವ ಹಾಲಿಗೆ ಒಗ್ಗಿದ ಕೂಸು ಎದೆಯನ್ನು ಇನ್ನೂ ಕಡಿಮೆ ಹೀರುತ್ತದೆ. ಡಬ್ಬಿಯ ಬೆಲೆ ಕಂಡು ಪುಡಿಗೆ ನೀರು ಹೆಚ್ಚು ಬೆರೆಸುವುದು, ಬಾಟಲಿಯನ್ನು ಸರಿಯಾಗಿ ಕುದಿಸದಿರುವುದು, ಅದರಿಂದ ಭೇದಿ. ಈ ಸರಪಳಿಯ ಮೊದಲ ಕೊಂಡಿಯನ್ನೇ ಬಿಡಿಸಬೇಕಾಗಿದೆ.

ಬಿಡಿಸುವ ಬಗೆ ಕಷ್ಟವಾದುದಲ್ಲ. ಕೂಸು ಅಳಲಿ, ಬಿಡಲಿ, ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ, ಹೆಚ್ಚೆಂದರೆ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಬೇಕು. ಮಲಗಿದ್ದರೆ ಹೊದಿಕೆ ಸರಿಸಿ, ಅಂಗಾಲು ತೀಡಿ, ತಾಯಿಯ ಮೈಗೆ ತಾಗಿಸಿ ಎಬ್ಬಿಸಬೇಕು. ಕುಡಿದು ದಣಿದ ಮೇಲೆ, ತಾಯಿ ತನ್ನ ಎದೆಯಲ್ಲಿ ಉಳಿದ ಹಾಲನ್ನು ಶುಭ್ರವಾದ ಕೈಯಿಂದ ಹಿಂಡಿ ತೆಗೆದು, ಅದನ್ನು ಒಳಲೆಯಿಂದಲೋ ಚಮಚೆಯಿಂದಲೋ ಕುಡಿಸಬೇಕು. ಇದರಿಂದ ಎರಡು ಪ್ರಯೋಜನ: ಕೂಸಿನ ಹೊಟ್ಟೆ ತುಂಬುತ್ತದೆ, ತಾಯಿಯ ಹಾಲಿನ ಸೆಲೆಯೂ ಉಳಿಯುತ್ತದೆ. ಒಳಲೆ ನಮ್ಮ ಹಿರಿಯರ ಮನೆಗಳಲ್ಲಿ ಇದ್ದ ವಸ್ತು. ಕುದಿಸಿ ತೊಳೆಯಲು ಬಾಟಲಿಗಿಂತ ಎಷ್ಟೋ ಸುಲಭ. ಹಿಂಡಿದ ಹಾಲನ್ನು ನಮ್ಮ ಸೆಕೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು.

ಮೊದಲ ಮೂರು ದಿನಗಳ ಹಳದಿ ಬಣ್ಣದ ದಪ್ಪ ಹಾಲನ್ನು ಕೆಲವರು ಇಂದಿಗೂ ಹಿಂಡಿ ಚೆಲ್ಲುತ್ತಾರೆ. ಎಮ್ಮೆ ಈದರೆ ಕರುವಿಗೆ ಗಿಣ್ಣದ ಹಾಲು ಕುಡಿಸದೆ ಬಿಡುವ ರೈತ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬನೂ ಸಿಗಲಾರ. ಕರುವಿಗೆ ಗೊತ್ತಿರುವ ನ್ಯಾಯ ಕೂಸಿಗೂ ಅನ್ವಯಿಸಲಿ. ಹುಟ್ಟಿದ ದಿನ ಕೂಸಿನ ಹೊಟ್ಟೆ ಹಿಡಿಯುವುದು ಒಂದು ಸಲಕ್ಕೆ ಒಂದು ಚಹಾ ಚಮಚೆಯಷ್ಟು. ಆ ದಿನ ತಾಯಿಯಲ್ಲಿ ಹುಟ್ಟುವ ಹಾಲೂ ಅಷ್ಟೇ. ಆದುದರಿಂದ ‘ಹಾಲು ಇಳಿಯುವ ತನಕ’ ಎಂದು ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ಬಜೆ ತೇಯ್ದ ನೀರು ಕೊಡುವ ಅಗತ್ಯವೇ ಇಲ್ಲ. ಮಹಾಲಿಂಗಪುರದ ಬೆಲ್ಲ ಎಷ್ಟೇ ಹೆಸರಾಗಿರಲಿ, ಅದರ ನೀರು ನವಜಾತ ಶಿಶುವಿಗೆ ಸಲ್ಲದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೂ ಪ್ರತ್ಯೇಕವಾಗಿ ನೀರು ಕುಡಿಸಬೇಕಿಲ್ಲ. ತಾಯಿಯ ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ನೀರು ಬೇಕಾಗಿರುವುದು ತಾಯಿಗೆ. ಹಸಿ ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯನ್ನು ಬಿಡಬೇಕು. ಅಂಟಿನುಂಡಿ, ಸಬ್ಬಸಗಿ ಪಲ್ಯ ಮುಂತಾದ ಒಳ್ಳೆಯ ಪದ್ಧತಿಗಳನ್ನು ಉಳಿಸಿಕೊಂಡು ಅವುಗಳ ಜೊತೆಗೆ ಬೇಳೆ, ಹಾಲು, ರೂಢಿಯಿದ್ದವರಿಗೆ ಮೊಟ್ಟೆ ಸೇರಲಿ. 2017ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯ ಉದ್ದೇಶವೂ ಇದೇ ಆಗಿದೆ.

ವೈದ್ಯರು ತೂಕ ನೋಡಿ, ಕೆಲವು ದಿನ ಪುಡಿಯ ಹಾಲನ್ನೂ ಕೊಡಿರೆಂದು ಹೇಳುವ ಸಂದರ್ಭಗಳುಂಟು. ಆಗ ಅದನ್ನು ಔಷಧದಂತೆ, ಹೇಳಿದ ಅಳತೆಯಲ್ಲಿ, ಒಳಲೆಯಿಂದ ಕೊಡಬೇಕು, ತಾಯಿಯನ್ನು ಹೀಯಾಳಿಸಬಾರದು. ಆದರೆ ಆ ತೀರ್ಮಾನ ಔಷಧ ಅಂಗಡಿಯವರದಲ್ಲ, ನೆರೆಮನೆಯವರದೂ ಅಲ್ಲ. ಶಿಶು ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿದೆಯೆಂಬುದನ್ನು ಪಂಚಾಯತಿ ಸದಸ್ಯರು ಗಮನದಲ್ಲಿಡಬೇಕು.

ಇನ್ನು ತೂಕದ ವಿಷಯ. ನನ್ನ ಓದು ಎಂಜಿನಿಯರಿಂಗ್. ಔಷಧದ ಮಾತು ವೈದ್ಯರದು. ಅಳತೆಯ ಮಾತನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿಯಿರಲಿ.

ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಪ್ರತಿಯೊಂದು ಶಿಶುವಿನ ತೂಕವೂ ಇಳಿಯುತ್ತದೆ. ನೂರಕ್ಕೆ ಹತ್ತರಷ್ಟಕ್ಕಿಂತ ಹೆಚ್ಚು ಇಳಿಯಬಾರದು. ಎರಡು ವಾರ ತುಂಬುವಷ್ಟರಲ್ಲಿ ಹುಟ್ಟಿದ ತೂಕಕ್ಕೆ ಮರಳಬೇಕು. ಆ ಬಳಿಕ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಒಂದು ಕೂಸು 2,300 ಗ್ರಾಂ ಹುಟ್ಟಿತೆಂದು ಭಾವಿಸೋಣ. ಮೂರನೆಯ ದಿನ 2,150 ಗ್ರಾಂ ಇದ್ದರೆ ಗಾಬರಿ ಬೇಡ, ಕುಡಿಸುವುದನ್ನು ಗಮನಿಸಿದರೆ ಸಾಕು. 2,070ಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಹದಿನಾಲ್ಕನೆಯ ದಿನ ಮತ್ತೆ 2,300 ಮುಟ್ಟಬೇಕು. ಇಪ್ಪತ್ತೆಂಟನೆಯ ದಿನ 2,580ರಿಂದ 2,720ರೊಳಗೆ ಇರಬೇಕು.

ಇಲ್ಲಿ ಒಂದು ತೊಡಕಿದೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಸ್ಪ್ರಿಂಗ್ ತಕ್ಕಡಿಯಲ್ಲಿ 20 ಗ್ರಾಂ ಏರಿಕೆಯನ್ನು ಕಣ್ಣಿನಿಂದ ಓದಲಾಗುವುದಿಲ್ಲ. ದಿನದಿನವೂ ತೂಗಿದರೆ ಒಮ್ಮೆ ಏರಿದಂತೆ, ಒಮ್ಮೆ ಇಳಿದಂತೆ ಕಂಡು ಮನೆಯವರು ಕಂಗೆಡುತ್ತಾರೆ. ಯಾವುದೇ ಉಪಕರಣವು ತಾನು ತೋರಿಸಬಲ್ಲ ಅತಿ ಸಣ್ಣ ಅಳತೆಗಿಂತ ಸಣ್ಣದನ್ನು ಹೇಳಲಾರದು. ಆದುದರಿಂದ ವಾರಕ್ಕೊಮ್ಮೆ ತೂಗುವುದೇ ಸರಿ; ವಾರದ ಏರಿಕೆ 140ರಿಂದ 210 ಗ್ರಾಂ ಆಗುವುದರಿಂದ ಅದು ಮುಳ್ಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಸಲವೂ ಅದೇ ತಕ್ಕಡಿ, ಬಟ್ಟೆಯಿಲ್ಲದ ಮೈ, ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿರಬೇಕು. ತಿಂಗಳಿಗೊಮ್ಮೆ ಮುದ್ರೆಯಿರುವ ಒಂದು ಕಿಲೋ ತೂಕದ ಕಲ್ಲನ್ನು ತೂಗಿ ತಕ್ಕಡಿಯನ್ನೇ ಪರೀಕ್ಷಿಸಬೇಕು. ಕಾರ್ಖಾನೆಯ ತೂಕದ ಸೇತುವೆಯಲ್ಲಿ ಕಬ್ಬಿನ ತೂಕ ಕ್ವಿಂಟಲಿಗೆ ಎರಡು ಕಿಲೋ ತಪ್ಪಿದರೆ ನಾವು ರಸ್ತೆಗಿಳಿಯುತ್ತೇವೆ. ಕೂಸಿನ ತಕ್ಕಡಿ ಎಂದಿನಿಂದ ತಪ್ಪು ತೋರಿಸುತ್ತಿದೆಯೆಂದು ಯಾರೂ ಕೇಳುವುದಿಲ್ಲ. ಕೆಟ್ಟ ತಕ್ಕಡಿಯನ್ನು ಬದಲಿಸಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಕ್ತ ನಿಧಿಯನ್ನು ಬಳಸುವ ವಿಷಯವನ್ನು ಸಮಿತಿಯ ಮುಂದಿನ ಸಭೆಯಲ್ಲಿಯೇ ಇಡಬಹುದು.

ತಕ್ಕಡಿ ಇಲ್ಲದ ದಿನಗಳಲ್ಲಿ ಅರಿವೆಯೇ ಅಳತೆಗೋಲು. ಐದನೆಯ ದಿನದಿಂದ ಮುಂದೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರದಿಂದ ಅರಿವೆ ಒದ್ದೆಯಾದರೆ, ಮಲ ಹಳದಿಗೆ ತಿರುಗಿದರೆ, ಹಾಲು ಹೊಟ್ಟೆಗೆ ಹೋಗುತ್ತಿದೆಯೆಂದು ತಿಳಿಯಬೇಕು.

ಕಾಮಾಲೆಯ ಬಗ್ಗೆ ಎರಡು ಮಾತು. ಈ ಶಿಶುಗಳಲ್ಲಿ ಅದು ಏರುವುದು ತಡವಾಗಿ, ಐದರಿಂದ ಏಳನೆಯ ದಿನದ ನಡುವೆ. ಅಂದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ. ಹಾಲು ಕಡಿಮೆಯಾದಷ್ಟೂ ಅದು ಏರುತ್ತದೆ. ಏರಿದಷ್ಟೂ ಕೂಸು ಮಂಕಾಗಿ ಹಾಲು ಬಿಡುತ್ತದೆ. ಅಂಗೈ, ಅಂಗಾಲು ಹಳದಿಯಾಗಿದ್ದರೆ ಬಿಸಿಲಿಗೆ ಹಿಡಿದು ಕಾಯುತ್ತ ಕೂಡಬಾರದು. ಹಾಲು ಕುಡಿಯದಿರುವುದು, ಕೈಕಾಲು ತಣ್ಣಗಾಗುವುದು, ಜ್ವರ, ಫಿಟ್ಸ್, ಎದೆಗೂಡು ಒಳಸೆಳೆಯುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು — ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅನಾರೋಗ್ಯಪೀಡಿತ ಶಿಶುವಿನ ಸಾಗಾಟವೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಬೆಚ್ಚಗಿಡುವುದೂ ಆಹಾರದ ವಿಷಯವೇ. ಮೈ ತಣ್ಣಗಾದ ಕೂಸು ಕುಡಿದ ಹಾಲನ್ನೆಲ್ಲ ಮೈ ಕಾಯಿಸಿಕೊಳ್ಳಲು ವ್ಯಯಿಸುತ್ತದೆ, ಬೆಳೆಯಲು ಏನೂ ಉಳಿಯುವುದಿಲ್ಲ. ಬಾಣಂತಿಯ ಕೋಣೆಯನ್ನು ಬೆಚ್ಚಗಿಡುವ ನಮ್ಮ ಹಿರಿಯರ ಪದ್ಧತಿ ಸರಿಯಾದುದೇ. ಆದರೆ ಕೆಂಡದ ಹೊಗೆ, ಲೋಬಾನದ ಹೊಗೆ ಆ ಎಳೆಯ ಶ್ವಾಸಕೋಶಕ್ಕೆ ಸಲ್ಲವು. ಬಿಸಿನೀರು ಎರೆಯುವುದನ್ನು ತೂಕ ಹೆಚ್ಚುವವರೆಗೆ ಮುಂದೂಡಿ ಮೈ ಒರೆಸಿದರೆ ಸಾಕು. ಎಲ್ಲಕ್ಕಿಂತ ಉತ್ತಮವಾದ ಬಿಸಿ ತಾಯಿಯ ಎದೆಯದು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಶಿಶುಗಳಿಗೆ ಗಾಜಿನ ಪೆಟ್ಟಿಗೆಗಳು ಸಾಲದಿದ್ದಾಗ ವೈದ್ಯರಾದ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಸ್ 1970ರ ದಶಕದ ಕೊನೆಯಲ್ಲಿ ಆರಂಭಿಸಿದ ಕ್ರಮ ಇಂದು ಕಾಂಗರೂ ತಾಯಿ ಆರೈಕೆಯೆಂದು ಪ್ರಸಿದ್ಧವಾಗಿದೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿ, ತಾಯಿಯ ಎರಡು ಸ್ತನಗಳ ನಡುವೆ ಬರಿಮೈಗೆ ಬರಿಮೈ ತಾಗುವಂತೆ ನೆಟ್ಟಗೆ ಒರಗಿಸಿ, ಮೇಲೆ ಮೆತ್ತನೆಯ ಹಳೆಯ ನೂಲಿನ ಸೀರೆಯನ್ನು ಸುತ್ತುವುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ದಿನಕ್ಕೆ 8ರಿಂದ 24 ಗಂಟೆ. ತಾಯಿ ದಣಿದಾಗ ತಂದೆ, ಅಜ್ಜಿ, ಅತ್ತೆ ಯಾರೂ ಎದೆಯೊಡ್ಡಬಹುದು.

ಇದು ದೊಡ್ಡ ಊರಿನ ಮಾತೆಂದು ತಿಳಿಯಬೇಡಿರಿ. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಸರ್ಕಾರಿ ಆರೋಗ್ಯ ವ್ಯವಸ್ಥೆಯೊಂದಿಗೆ ಸೇರಿ, 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಈ ಆರೈಕೆಯನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದ್ದಾರೆ. ಆಸ್ಪತ್ರೆಯಲ್ಲಿ ಆರಂಭಿಸಿ ಮನೆಯಲ್ಲಿ ಮುಂದುವರಿಸುವುದು ಅದರ ಮರ್ಮ. ಮನೆಯವರೆಗೆ ಹೋಗಿ ಶಿಶುವನ್ನು ನೋಡುವ ಪದ್ಧತಿಯ ಮೂಲವೂ ದೂರದ್ದಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ಅವರ ‘ಸರ್ಚ್’ ಸಂಸ್ಥೆ 1990ರ ದಶಕದಲ್ಲಿ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ನೀಡಿ ಇದನ್ನು ನಡೆಸಿದಾಗ ನವಜಾತ ಶಿಶುಗಳ ಮರಣ ಅರ್ಧಕ್ಕಿಂತಲೂ ಹೆಚ್ಚು ಕಡಿಮೆಯಾಯಿತು. ಅದರ ಫಲವಾಗಿಯೇ 2011ರಿಂದ ದೇಶದ ಆಶಾ ಕಾರ್ಯಕರ್ತೆಯರು ಆಸ್ಪತ್ರೆ ಹೆರಿಗೆಯ ಬಳಿಕ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಭೇಟಿ ನೀಡುತ್ತಿದ್ದಾರೆ.

ವ್ಯವಸ್ಥೆ ಇದೆ. ಆದರೂ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತುಸು ಮುಂಚಿನ ಕೂಸು ಅದರ ಸಂದಿನಿಂದ ಜಾರುವುದು ಹೇಗೆಂಬುದೇ ಪಂಚಾಯತಿಯ ಮುಂದಿರುವ ಪ್ರಶ್ನೆ. ಮೊದಲ ಕಾರಣ ನಮ್ಮ ಪ್ರೀತಿಯ ತವರುಮನೆ. ಗರ್ಭಿಣಿಯ ಹೆಸರು ನೋಂದಣಿಯಾದದ್ದು ಮುಧೋಳ ತಾಲ್ಲೂಕಿನ ಗಂಡನ ಊರಿನಲ್ಲಿ. ಹೆರಿಗೆ ಜಮಖಂಡಿಯ ಆಸ್ಪತ್ರೆಯಲ್ಲಿ. ಬಾಣಂತನ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರವೊಂದರಲ್ಲಿರುವ ತವರಿನಲ್ಲಿ, ಇಲ್ಲವೇ ಗಡಿಯಾಚೆ ಮಹಾರಾಷ್ಟ್ರದ ಊರಿನಲ್ಲಿ. ಗಂಡನ ಊರಿನ ಆಶಾಗೆ ಬಾಣಂತಿ ಸಿಗುವುದಿಲ್ಲ. ತವರಿನ ಆಶಾಗೆ ಸುದ್ದಿಯಿರುವುದಿಲ್ಲ. ತುಂಬುದಿನದ ಕೂಸಾದರೆ ಮೂರನೆಯ ಮತ್ತು ಏಳನೆಯ ದಿನದ ಭೇಟಿ ತಪ್ಪಿದರೂ ಬಹುಶಃ ನಡೆದೀತು. ಈ ಕೂಸಿನ ಹಣೆಬರಹ ನಿರ್ಧಾರವಾಗುವುದೇ ಆ ಎರಡು ಭೇಟಿಗಳ ನಡುವೆ. ಹೆರಿಗೆಗೆ ಮೊದಲೇ, ಎಂಟನೆಯ ತಿಂಗಳ ತಪಾಸಣೆಯಲ್ಲಿಯೇ, ಬಾಣಂತನ ಯಾವ ಊರಿನಲ್ಲೆಂದು ಕೇಳಿ ತಾಯಿ ಕಾರ್ಡಿನ ಮೇಲೆ ಬರೆದು, ಆ ಊರಿನ ಆಶಾಗೆ ದೂರವಾಣಿಯಲ್ಲಿ ತಿಳಿಸಿದರೆ ಈ ಸಂದು ಮುಚ್ಚುತ್ತದೆ. ಇದಕ್ಕೆ ಹಣ ಬೇಕಿಲ್ಲ.

ಎರಡನೆಯ ಕಾರಣ, ಕೂಸು ಎಷ್ಟು ವಾರಕ್ಕೆ ಹುಟ್ಟಿತೆಂಬುದು ಮನೆಯವರಿಗೆ ತಿಳಿಯದಿರುವುದು. ಜನನ ವರದಿಯ ನಮೂನೆ 1ರಲ್ಲಿ ಶಿಶುವಿನ ತೂಕ ಮತ್ತು ಗರ್ಭದ ಅವಧಿ ವಾರಗಳಲ್ಲಿ ಎಂಬ ಎರಡು ಕಾಲಂಗಳಿವೆ. ಆ ಭಾಗ ಅಂಕಿಅಂಶಕ್ಕಾಗಿ ಮೇಲಕ್ಕೆ ಹೋಗುತ್ತದೆ. ಮನೆಗೆ ಬರುವ ಪ್ರಮಾಣಪತ್ರದಲ್ಲಿ ಅದಿರುವುದಿಲ್ಲ. ಬಿಡುಗಡೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿರುವ ವಾರದ ಸಂಖ್ಯೆಯನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ‘36 ವಾರ, ಎಬ್ಬಿಸಿ ಕುಡಿಸಿರಿ’ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಬೇಕು.

ಮೂರನೆಯದು ದುಡಿಮೆ. ಮೇಲೆ ಹೇಳಿದಂತೆ ದಿನಕ್ಕೆ ಹತ್ತು ಸಲ, ಸಲಕ್ಕೆ 35 ನಿಮಿಷದಂತೆ ಕುಡಿಸಿದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಅದಕ್ಕೆ ಹಾಲು ಹಿಂಡುವ, ಒಳಲೆ ತೊಳೆಯುವ ಹೊತ್ತನ್ನು ಕೂಡಿಸಿರಿ. ಅದು ಒಂದು ಪೂರ್ಣ ಪಾಳಿಯ ಕೆಲಸ. ರಬಕವಿ, ಬನಹಟ್ಟಿಯ ನೇಕಾರ ಮನೆಗಳಲ್ಲಿ ಬಾಣಂತಿ ತಿಂಗಳು ತುಂಬುವ ಮೊದಲೇ ಕಂಡಿಕೆ ಸುತ್ತಲು ಕುಳಿತರೆ, ಆ ಆರು ಗಂಟೆಗಳನ್ನು ಕಡಿತ ಮಾಡಿರುವುದು ಕೂಸಿನ ಊಟದಿಂದಲೇ. ಮನೆಯ ಗಂಡಸರು ಇದನ್ನು ಮಗ್ಗದ ಲೆಕ್ಕದಷ್ಟೇ ಖಚಿತವಾಗಿ ಲೆಕ್ಕ ಹಾಕಬೇಕೆಂದು ನನ್ನ ವಿನಂತಿ. ಸರ್ಕಾರದ ‘ಕೂಸಿನ ಮನೆ’ ಒಳ್ಳೆಯ ಯೋಜನೆ. ಆದರೆ ಅದು ಆರು ತಿಂಗಳು ತುಂಬಿದ ಮಕ್ಕಳಿಗೆ. ಮೊದಲ ಆರು ತಿಂಗಳು ಮನೆಯೇ ಕೂಸಿನ ಮನೆಯಾಗಬೇಕು.

ಕಬ್ಬಿನ ಕಟಾವಿನ ಗ್ಯಾಂಗಿನಲ್ಲಿ ಬಂದವಳ ಸ್ಥಿತಿ ಎಲ್ಲಕ್ಕಿಂತ ಕಠಿಣ. ಗುಡಿಸಲಿಗೆ ಚಳಿ, ಬೆಳಗಿನ ಜಾವಕ್ಕೆ ಕೆಲಸ, ಊರಿನ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಹಂಗಾಮು ಆರಂಭವಾದ ವಾರದಲ್ಲಿಯೇ ಆಶಾ ಮತ್ತು ಪಂಚಾಯತಿ ಸಿಬ್ಬಂದಿ ಪ್ರತಿ ಗ್ಯಾಂಗಿನ ಮುಕಾದಮನನ್ನು ಕಂಡು ಗರ್ಭಿಣಿಯರು, ಹಸಿ ಬಾಣಂತಿಯರು ಎಷ್ಟೆಂದು ಬರೆದುಕೊಳ್ಳಬೇಕು. ಅವರು ಮತದಾರರೋ ಅಲ್ಲವೋ ಎಂಬುದು ಈ ಪಟ್ಟಿಗೆ ಸಂಬಂಧಿಸಿದ್ದಲ್ಲ.

ಮುಂಚಿತ ಹೆರಿಗೆಯನ್ನೇ ತಡೆಯುವ ವಿಷಯ ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕಾದೀತು. ರಕ್ತಹೀನತೆ, ಏರಿದ ರಕ್ತದೊತ್ತಡ, ಬಾಲ್ಯವಿವಾಹ, ಹೆರಿಗೆಗಳ ನಡುವಿನ ಕಡಿಮೆ ಅಂತರ ಇವು ತಮಗೆಲ್ಲ ತಿಳಿದ ಕಾರಣಗಳು. ತಿಳಿದೂ ನಾವು ಮಾತನಾಡದ ಕಾರಣವೊಂದಿದೆ: ಒಳ್ಳೆಯ ನಕ್ಷತ್ರಕ್ಕೆಂದು ಸಿಸೇರಿಯನ್ ಶಸ್ತ್ರಚಿಕಿತ್ಸೆಯನ್ನು ಎರಡು ಮೂರು ವಾರ ಮುಂಚೆ ಮಾಡಿಸಿಕೊಳ್ಳುವುದು. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ಅದು ಸಲ್ಲದು.

ಮುಂದಿನ ಬೆಳವಣಿಗೆಯ ಕುರಿತು ಇನ್ನು ಕೆಲವು ಮಾತು ಉಳಿದಿದೆ. ನಾಲ್ಕು ವಾರ ಮುಂಚೆ ಹುಟ್ಟಿದ ಕೂಸಿಗೆ ಮೂರು ತಿಂಗಳಾದಾಗ, ಅದರ ಬೆಳವಣಿಗೆಯನ್ನು ಎರಡು ತಿಂಗಳ ಕೂಸಿನೊಂದಿಗೆ ಹೋಲಿಸಬೇಕು. ಪಕ್ಕದ ಮನೆಯ ಅದೇ ವಾರದ ಕೂಸು ನಗುತ್ತದೆ, ನಮ್ಮದು ನಗುವುದಿಲ್ಲವೆಂಬ ಅಳಲು ಬೇಡ. ಆದರೆ ಲಸಿಕೆಗೆ ಈ ರಿಯಾಯಿತಿಯಿಲ್ಲ. ಅದು ಹುಟ್ಟಿದ ದಿನಾಂಕದ ಲೆಕ್ಕದಲ್ಲಿಯೇ ನಡೆಯಬೇಕು. ತಾಯಿಯಿಂದ ಪಡೆದ ಕಬ್ಬಿಣಾಂಶ ಕಡಿಮೆಯಿರುವುದರಿಂದ ಈ ಶಿಶುಗಳಿಗೆ ಕಬ್ಬಿಣದ ಹನಿ ಮತ್ತು ಡಿ ಜೀವಸತ್ವದ ಹನಿ ಬೇಕಾಗುತ್ತವೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಬರೆಯಬೇಕು, ತಾಯಿ ಕೇಳಿ ಪಡೆಯಬೇಕು. ಆರು ತಿಂಗಳಾಗಿ ಕುತ್ತಿಗೆ ನಿಂತು, ಆಸರೆ ಕೊಟ್ಟರೆ ಕೂಡುವಂತಾದಾಗ ಮೇಲಾಹಾರ ಆರಂಭಿಸಬೇಕು: ಅಕ್ಕಿ-ಹೆಸರುಬೇಳೆಯ ಕಿಚಡಿಗೆ ತುಪ್ಪ, ಬೇಳೆಯಲ್ಲಿ ನೆನೆದ ಮೆತ್ತನೆಯ ರೊಟ್ಟಿ, ಶೇಂಗಾ ಪುಡಿ ಬೆರೆಸಿದ ರಾಗಿಯ ಮಣ್ಣಿ, ಮೊಟ್ಟೆ. ಚಮಚೆಯಿಂದ ಜಾರಿ ಹರಿಯುವಷ್ಟು ತೆಳುವಾಗಿದ್ದರೆ ಅದು ಆಹಾರವಲ್ಲ, ನೀರು.

ಬೇಗ ‘ಗುಂಡಗೆ’ ಆಗಲೆಂದು ತುರುಕಿ ತಿನ್ನಿಸುವುದೂ ಹಿತವಲ್ಲ. ಬೆಳವಣಿಗೆಯ ನಕ್ಷೆಯಲ್ಲಿ ಕೂಸಿನ ಗೆರೆ ಕೆಳಗಿನ ಸಾಲಿನಲ್ಲಿದ್ದರೂ ತಿಂಗಳು ತಿಂಗಳೂ ಏರುತ್ತಿದ್ದರೆ ಅದು ಆರೋಗ್ಯವಂತ ಕೂಸೇ. ಮೇಲಿನ ಸಾಲಿನಲ್ಲಿದ್ದು ಎರಡು ತಿಂಗಳು ಏರದೆ ಮಲಗಿದ ಗೆರೆಯೇ ಚಿಂತೆಗೆ ಕಾರಣ. 2018ರಿಂದ ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮಾಡುತ್ತಿರುವ ಭೇಟಿಗಳಲ್ಲಿ ಈ ಗೆರೆಯನ್ನು ತಾಯಿಗೂ ತೋರಿಸಿ ಓದಲು ಕಲಿಸಿದರೆ, ಮುಂದಿನ ಭೇಟಿಯವರೆಗೆ ಅವಳೇ ಅದನ್ನು ಕಾಯುತ್ತಾಳೆ.

ಇಲ್ಲಿಗೆ ಬಂದಿರುವ ಪ್ರತಿಯೊಂದು ಪಂಚಾಯತಿಯವರೂ ಈ ವಾರ ತಮ್ಮ ವ್ಯಾಪ್ತಿಯ ಆಶಾ ಕಾರ್ಯಕರ್ತೆಯರೊಂದಿಗೆ ಕುಳಿತು, ಹೊರಗಿನಿಂದ ಬಾಣಂತನಕ್ಕೆ ಬಂದವರು ಮತ್ತು ಇಲ್ಲಿಂದ ಹೊರಗೆ ಹೋದವರು ಎಂಬ ಎರಡು ಪಟ್ಟಿಗಳನ್ನು ಸಿದ್ಧಪಡಿಸಿ, ಹೋದವರ ಪಟ್ಟಿಯನ್ನು ಆಯಾ ಊರಿನ ಆಶಾಗೆ ತಲುಪಿಸಬೇಕೆಂದು ಕೋರುತ್ತೇನೆ. 37 ವಾರಕ್ಕೆ ಮೊದಲು ಹೆರಿಗೆಯಾದವರ ಹೆಸರಿನ ಮುಂದೆ ಕೆಂಪು ಗುರುತಿರಲಿ. ಆ ಮನೆಗೆ ಮೂರನೆಯ ಮತ್ತು ಏಳನೆಯ ದಿನದ ನಡುವೆ, ಐದನೆಯ ದಿನ, ಇನ್ನೊಂದು ಭೇಟಿ ನಡೆಯಲಿ. ಆ ದಿನ ತೂಕವನ್ನೂ ಅಂಗಾಲಿನ ಬಣ್ಣವನ್ನೂ ನೋಡಿ ಬರೆಯಲಿ.